ಬೀಗರು ಮೊದಲು ಇಳಿಯಲಿ

ಹೋದ ವಾರ ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಬೆಲ್ಟು ಜಾರತೊಡಗಿ ಕಾದ ರಬ್ಬರಿನ ಕಮಟು ವಾಸನೆ ಎದ್ದಿತು. ಗಿರಣಿಯವನು ಮೋಟಾರು ಆರಿಸಿ, ಬೆಲ್ಟಿಗೆ ರಾಳದ ಪುಡಿ ಉದುರಿಸಿ, ಮತ್ತೆ ಚಾಲೂ ಮಾಡಿದ. ಅಷ್ಟೇ ಆದದ್ದು. ಆದರೆ ನಾನು ಚೀಲ ಅಲ್ಲೇ ಬಿಟ್ಟು ರಸ್ತೆಗೆ ಬಂದು ನಿಂತಿದ್ದೆ. ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ನೆನಪಾದಳು. ಅವಳ ನೆನಪು ನನಗೆ ಸಂತೋಷದ್ದೇ. ಆದರೂ ಅದು ಹೆಚ್ಚಾಗಿ ಈ ಸುಟ್ಟ ರಬ್ಬರಿನ ದಾರಿಯಲ್ಲೇ ಬರುತ್ತದೆ...

ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಪ್ರವಾಸದ ಗುಂಪುಗಳ ಜೊತೆ ಸುಮಾರು ದೇಶ ತಿರುಗಿದ್ದೇವೆ. ಆ ಗುಂಪುಗಳು ಎಲ್ಲಿ ಹೋದರೂ ಒಂದು ಮನರಂಜನಾ ಪಾರ್ಕಿಗೆ ಕರೆದೊಯ್ಯದೆ ಬಿಡುವುದಿಲ್ಲ. ಜಪಾನಿನಲ್ಲಿ ಸಮುದ್ರದ ದಂಡೆಯ ಮೇಲೆ ನಿಂತ ಚಕ್ರ ನೋಡಿದೆ, ಸಂಜೆಯಾದರೆ ಅದು ಮೈಯೆಲ್ಲ ಬಣ್ಣ ಬದಲಾಯಿಸುತ್ತಿತ್ತು. ವಿಯೆನ್ನಾದಲ್ಲಿ ರೈಲು ಡಬ್ಬಿಯಂಥ ಮರದ ಕೋಣೆಗಳಿರುವ ಹಳೆಯ ಚಕ್ರದಲ್ಲಿ ಕೂತೆ. ಅದು ಎಷ್ಟು ನಿಧಾನವೆಂದರೆ ಹೆಂಡತಿ ಒಳಗೇ ಕಿತ್ತಳೆ ಸುಲಿದು ತಿಂದು ಮುಗಿಸಿದಳು. ಡೆನ್ಮಾರ್ಕಿನ ಒಂದು ಹಳೆಯ ಉದ್ಯಾನದಲ್ಲಿ ಮರದ ಹಳಿಯ ಮೇಲೆ ಏರಿಳಿಯುವ ಗಾಡಿಯಿದೆ. ಅದರ ನಡುವೆ ಒಬ್ಬ ಮನುಷ್ಯ ಬ್ರೇಕು ಹಿಡಿದುಕೊಂಡು ಜನರ ಜೊತೆಯಲ್ಲೇ ಹೋಗುತ್ತಾನೆ. ನೋಡಿದವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ಬ್ರೇಕು ಯಾರ ಕೈಯಲ್ಲಿದೆ ಅಂತ ಕಣ್ಣಿಗೆ ಕಾಣುತ್ತಲ್ಲ, ಅದಕ್ಕೆ.

ಅತ್ತೆಯ ಲೆಕ್ಕಾಚಾರ ಬೇರೆ ಇತ್ತು. ಅವಳ ಪ್ರಪಂಚ ಮಳವಳ್ಳಿ, ಮದ್ದೂರು, ಮಂಡ್ಯಕ್ಕೆ ಮುಗಿಯುತ್ತಿತ್ತು. ಕಿರುಗಾವಲಿನ ಹತ್ತಿರದ ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಗದ್ದೆಯ ಮನೆ. ಮಳವಳ್ಳಿಯಲ್ಲಿ ಕೈಯಲ್ಲಿ ತಿರುಗಿಸುವ ಮರದ ತೊಟ್ಟಿಲು ಬಂದಿದೆ, ಮದ್ದೂರಿನಲ್ಲಿ ಸುತ್ತುವ ಮರದ ಕುದುರೆಗಳು ಬಂದಿವೆ ಅಂತ ಸುದ್ದಿ ಸಿಕ್ಕರೆ ಸಾಕು, ಕಳೆ ಕೀಳುವ ಕೆಲಸ ಮುಗಿಸಿ, ತಲೆ ಬಾಚಿಕೊಂಡು ಬಸ್ಸು ಹತ್ತಿಬಿಡುತ್ತಿದ್ದಳು. ಮಕ್ಕಳ ನೆಪ ಕೂಡ ಇಟ್ಟುಕೊಳ್ಳುತ್ತಿರಲಿಲ್ಲ. ಮಾವ ಗೊಣಗಿದರೆ ಅವಳ ಉತ್ತರ ಸಿದ್ಧವಿರುತ್ತಿತ್ತು: "ವರ್ಸೆಲ್ಲಾ ಕೆಸ್ರಲ್ಲೇ ನೆಂದಿರ್ತವೆ ಕಾಲು. ವಸಿ ಗಾಳೀಲಿ ಒಣಗಿಸ್ಕಂಡು ಬತ್ತೀನಿ, ಸುಮ್ಕಿರು."

ಬಂದ ಮೇಲೆ ಜಗುಲಿಯ ಮೇಲೆ ಕೂತು ವರ್ಣನೆ. "ಮಳವಳ್ಳಿದು ಎಮ್ಮೆ ಕಣ್ಲಾ, ಮೈ ಎತ್ತಕ್ಕೇ ಒತ್ತಾಯ್ತದೆ. ಮದ್ದೂರ್ದು ಕುದ್ರೆ ಏನೋ ಸೈ, ಆದ್ರೆ ಸುತ್ತಿಸ್ತದೆ, ಮ್ಯಾಕ್ಕೆತ್ತಕಿಲ್ಲ. ಮಂಡ್ಯದ ಚಕ್ರ ಅದಲ್ಲಾ, ಅದು ಮಾತ್ರ ಅಕ್ಕಿ!" ಹಕ್ಕಿ ಅನ್ನುವಾಗ ಅವಳ ಎರಡೂ ಕೈ ಗಾಳಿಗೆ ಏಳುತ್ತಿದ್ದವು. ನಾನು ಆಗ ಮಂಡ್ಯದಲ್ಲಿ ಕಾಲೇಜು ಓದುತ್ತಿದ್ದೆ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಬಿಯೆಸ್ಸಿ ಎಂದೇ ಕೂಗುತ್ತಿದ್ದಳು. ಎತ್ತರ ಅಂದರೆ ನನಗೆ ಹೆದರಿಕೆ. ಅವಳು ಚಕ್ರ ಹತ್ತಿದಾಗ ಕೆಳಗೆ ಚಪ್ಪಲಿ, ಚೀಲ ಕಾಯುವುದು ನನ್ನ ಕೆಲಸವಾಗಿತ್ತು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ಅತ್ತೆಯ ಮಗಳ ಮದುವೆಯಾಯಿತು. ಗಂಡಿನವರು ಮದ್ದೂರಿನ ಹತ್ತಿರ ವೈದ್ಯನಾಥಪುರದವರು, ತೂಕದ ಜನ. ಮದುವೆ ಚೆನ್ನಾಗಿಯೇ ನಡೆದಿತ್ತು. ಎಡವಟ್ಟಾದದ್ದು ಆಮೇಲಿನ ಬೀಗರೂಟದಲ್ಲಿ. ಬಡಿಸುವವರ ಗಲಾಟೆಯಲ್ಲಿ ಹುಡುಗನ ಸೋದರಮಾವನ ಎಲೆಗೆ ಮಜ್ಜೆ ತುಂಬಿದ ನಲ್ಲಿಮೂಳೆ ಬೀಳಲಿಲ್ಲ. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಆತ ಕೈ ತೊಳೆದುಕೊಂಡು ಎದ್ದ. ಅವನ ತಂಗಿ, ಹುಡುಗನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಎಲೆ ಮುಂದೆ ಕೂತೇ ಇದ್ದರು, ಮುಟ್ಟಲಿಲ್ಲ. ಅತ್ತೆ ಕೈ ಮುಗಿದಳು, ಮಾವ ಗಲ್ಲ ಹಿಡಿದ. ಕೊನೆಗೆ ಉಂಡರು, ಆದರೆ ಬೀಗಿತ್ತಿಯ ಮುಖದ ಬಿಗಿ ಸಡಿಲಲಿಲ್ಲ. ಮಗಳು ಆ ಮುಖದ ಕೆಳಗೆ ಬಾಳಬೇಕಲ್ಲ ಎಂಬ ಸಂಕಟ ಅತ್ತೆಗೆ ಹಿಡಿಯಿತು.

ಅದಕ್ಕೆ ಅವಳಿಗೆ ಹೊಳೆದ ಉಪಾಯ ಒಂದೇ. ಮಂಡ್ಯದ ಮೈದಾನದಲ್ಲಿ ಆಗ ವಸ್ತುಪ್ರದರ್ಶನ ನಡೆಯುತ್ತಿತ್ತು. ಮಾರನೆಯ ದಿನವೇ ಬೀಗರನ್ನೆಲ್ಲ ಟ್ರ್ಯಾಕ್ಟರಿನ ಟ್ರೇಲರಿಗೆ ಹತ್ತಿಸಿ, ತಾನು ಇಷ್ಟಪಟ್ಟ ಚಕ್ರದ ಹತ್ತಿರ ಕರೆತಂದಳು. ಮನೆಗೆ ಬಂದವರಿಗೆ ತನ್ನ ಹತ್ತಿರವಿದ್ದ ಒಳ್ಳೆಯದನ್ನು ತೆಗೆದುಕೊಡುವ ಹಾಗೆ. ನಾನು ಕಾಲೇಜು ಮುಗಿಸಿ ನೇರ ಮೈದಾನಕ್ಕೆ ಹೋದೆ. ಸಂಜೆಯ ಬಿಸಿಲು ಇನ್ನೂ ಇತ್ತು. ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ ಬರುತ್ತಿತ್ತು.

ಚಕ್ರದ ಯಜಮಾನ, ತಮಿಳುನಾಡಿನ ಕಡೆಯ ಸಣಕಲು ಮನುಷ್ಯ, ಜನರನ್ನು ಬೆರೆಸಿ ಕೂರಿಸಲು ನೋಡಿದ. ಅತ್ತೆ ಒಪ್ಪಲಿಲ್ಲ. ಬೀಗರು ಮೊದಲು, ಸಾಲಾಗಿ, ಒಟ್ಟಿಗೆ. ಆಮೇಲೆ ನಮ್ಮವರು. ಹೀಗಾಗಿ ಚಕ್ರದ ಅರ್ಧ ಪೂರ್ತಿ ಗಂಡಿನ ಕಡೆ, ಇನ್ನರ್ಧ ಪೂರ್ತಿ ಹೆಣ್ಣಿನ ಕಡೆ. ಮದುಮಗ ತನ್ನ ಅಣ್ಣತಮ್ಮಂದಿರ ಜೊತೆ ಕೂತ. ಮದುಮಗಳು ಹೆದರಿ ತಾಯಿಯ ಸೊಂಟ ಹಿಡಿದುಕೊಂಡು ಅತ್ತೆಯ ತೊಟ್ಟಿಲಿನಲ್ಲೇ ಕೂತಳು. ಡೀಸೆಲ್ ಎಂಜಿನು ಗುಡುಗಿತು. ಚಕ್ರ ಎದ್ದಿತು. ಒಂದು ಸುತ್ತಿನಲ್ಲಿ ಬೀಗಿತ್ತಿಯ ಬಾಯಿಂದ ನಗು ಹೊರಬಂದದ್ದನ್ನು ನಾನೇ ಕೇಳಿದೆ. ಎದುರಿನ ತೊಟ್ಟಿಲಿನಿಂದ ಅತ್ತೆ ಕೂಗಿದಳು: "ಎಂಗದೆ ಬೀಗಿತ್ತಮ್ಮಾ?"

ಆಗ ಆ ವಾಸನೆ ಬಂತು. ಎಂಜಿನಿನ ಬೆಲ್ಟು ಜಾರಿ, ಹೊಗೆಯಾಡಿ, ಪಟ್ಟೆಂದು ಕಿತ್ತುಹೋಯಿತು. ಚಕ್ರ ತೂಗಿ ನಿಂತಿತು. ಯಾರೂ ಹೆದರಲಿಲ್ಲ. ಆ ಕಾಲದಲ್ಲಿ ಹಾಗೆ ನಿಲ್ಲುವುದು ಮಾಮೂಲು. ಕೆಲಸದ ಆಳುಗಳು ಅಂಚು ಹಿಡಿದು ಕೈಯಲ್ಲೇ ತಿರುಗಿಸಿ ಒಂದೊಂದೇ ತೊಟ್ಟಿಲು ಇಳಿಸುತ್ತಿದ್ದರು. ಯಜಮಾನ ಹೇಳಿದ, "ಎದುರುಬದುರು ಇಳಿಸ್ಬೇಕು. ಒಂದು ಈ ಕಡೆ, ಒಂದು ಆ ಕಡೆ."

ಮೇಲಿನಿಂದ ಅತ್ತೆಯ ಗಂಟಲು ಇಡೀ ಮೈದಾನಕ್ಕೆ ಕೇಳಿಸಿತು. "ಬೀಗ್ರನ್ನ ಮೊದ್ಲು ಇಳ್ಸಪ್ಪಾ! ನಾವ್ ಆಮ್ಯಾಕೆ!"

ಯಜಮಾನ ಆಗದೆಂದು ತಲೆಯಾಡಿಸಿದ. ನನ್ನ ಪಕ್ಕದಲ್ಲಿದ್ದ ಮಾವ ಅವನ ಮೇಲೇ ಎಗರಿದ. "ನಿನ್ನೆ ಮೂಳೆ ತಪ್ಪೋಯ್ತು. ಇವತ್ತು ಬೀಗ್ರನ್ನ ಮ್ಯಾಲೆ ನೇತಾಕಿ ನಮ್ಮೋರ್ನ ಇಳಿಸ್ಕಂಡ್ರೆ ನಾನು ಊರಲ್ಲಿ ತಲೆ ಎತ್ಕಂಡು ಓಡಾಡಕ್ಕಾದದೇನ್ಲಾ? ಇಳ್ಸು ಅಂದ್ರೆ ಇಳ್ಸು!" ಸುತ್ತ ನಿಂತವರೂ ಹೌದೆಂದರು. ನನಗೂ ಅದು ಸರಿ ಅನ್ನಿಸಿತು. ಬೀಗರಲ್ಲವೇ... ಮೊದಲು ಅವರೇ ತಾನೇ.

ಒಂದರ ಹಿಂದೊಂದು ಬೀಗರ ತೊಟ್ಟಿಲುಗಳು ಖಾಲಿಯಾದವು. ಖಾಲಿಯಾದವು ಒಂದು ಕಡೆಯಿಂದ ಮೇಲೇರಿದವು. ನಮ್ಮವರು ತುಂಬಿದ್ದವು ಇನ್ನೊಂದು ಕಡೆ ಭಾರವಾಗಿ ನೇತಾಡಿದವು. ಬೀಗಿತ್ತಿ ಕೂತಿದ್ದ ಕೊನೆಯ ತೊಟ್ಟಿಲು ಕೆಳಕ್ಕೆ ಬರುತ್ತಿದ್ದಂತೆ ಚಕ್ರ ಆಳುಗಳ ಕೈ ಕಿತ್ತುಕೊಂಡು ತಾನೇ ಓಡಲು ಹೊರಟಿತು. ಮೇಲೆ ಒಮ್ಮೆಲೇ ಚೀರಾಟ. ಯಜಮಾನ ಒಂದು ಬಿದಿರ ಗಳುವನ್ನು ಕಂಬಿಗಳ ನಡುವೆ ತೂರಿಸಿದ. ಚಕ್ರ ಅದಕ್ಕೆ ಬಡಿದು ನಿಂತಿತು. ಗಳು ಬಿಲ್ಲಿನ ಹಾಗೆ ಬಾಗಿತು. ಬಾಗಿ, ಕಿರ್ರೆಂದಿತು.

ಆ ಸದ್ದು... ಐವತ್ತು ವರ್ಷವಾಗುತ್ತ ಬಂತು, ಈಗಲೂ ಕೇಳುತ್ತದೆ. ಗಳು ಮುರಿದರೆ ನಮ್ಮವರ ಭಾರವೆಲ್ಲ ಒಂದೇ ಏಟಿಗೆ ಕೆಳಗಿಳಿಯುತ್ತಿತ್ತು. ಅತ್ತೆಯ ತೊಟ್ಟಿಲಿನ ಅಡ್ಡಕಂಬಿ ಆ ಬಡಿತಕ್ಕೆ ಕಳಚಿ ಜೋಲಾಡುತ್ತಿತ್ತು. ಅವಳು ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದಿದ್ದಳು. ಮಗಳ ಕೈಯ ಹಸಿರು ಬಳೆಗಳು ಒಡೆದು ಚೂರುಗಳು ನಮ್ಮ ಮೇಲೆ ಬಿದ್ದವು.

"ಯಾರೂ ಇಳೀಬೇಡಿ! ಇಳಿದ್ರೆ ಅವರು ಸತ್ತರು!" ಯಜಮಾನ ಕೂಗಿದ. ಕೆಳಗಿದ್ದದ್ದು ಬೀಗಿತ್ತಿಯ ತೊಟ್ಟಿಲು ಮಾತ್ರ. ಅದರಲ್ಲಿದ್ದ ಇಬ್ಬರು ಗಂಡಸರು ಅಷ್ಟರಲ್ಲೇ ಹಾರಿಕೊಂಡಿದ್ದರು. ಬೀಗಿತ್ತಿಯ ಒಂದು ಕಾಲು ಇಳಿಯುವ ಹಲಗೆಯ ಮೇಲೆ, ಇನ್ನೊಂದು ತೊಟ್ಟಿಲೊಳಗೆ. ಆ ತೊಟ್ಟಿಲು ತುಂಬಿಕೊಂಡೇ ಮತ್ತೆ ಮೇಲೇರಬೇಕಿತ್ತು. ಹಾಗಾದರೆ ಮಾತ್ರ ಈ ಕಡೆಗೂ ತೂಕ ಬಿದ್ದು, ನಮ್ಮವರನ್ನು ನಿಧಾನಕ್ಕೆ ಇಳಿಸಲು ಸಾಧ್ಯ. ಅವರ ಅಣ್ಣ, ಮೂಳೆ ಸಿಗದ ಅದೇ ಮನುಷ್ಯ, ರಟ್ಟೆ ಹಿಡಿದು ಎಳೆಯುತ್ತಿದ್ದ. "ಬಾರವ್ವ ಈಚ್ಗೆ, ನಿಂಗ್ಯಾಕೆ!"

ಬೀಗಿತ್ತಿ ತಲೆ ಎತ್ತಿ ನೋಡಿದರು. ಅತ್ತೆ ಮೇಲಿನಿಂದ ಅವರನ್ನೇ ನೋಡುತ್ತಿದ್ದಳು. ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅವಳ ಧಾಟಿಯೇ ಬೇರೆ. "ಬೀಗಿತ್ತಮ್ಮಾ! ನಿಮ್ ತೂಕ ಈಗ್ ಬೇಕು ಕಣಮ್ಮಾ! ನನ್ಗಲ್ಲ, ನಿಮ್ ಸೊಸೆಗೆ!"

ಬೀಗಿತ್ತಿ ಅಣ್ಣನ ಕೈ ಕೊಡವಿದರು. ಹಲಗೆಯ ಮೇಲಿದ್ದ ಕಾಲನ್ನು ಒಳಕ್ಕೆ ಎಳೆದುಕೊಂಡರು. ಸೆರಗು ಸಿಕ್ಕಿಸಿಕೊಂಡು ಗಟ್ಟಿಯಾಗಿ ಕೂತು, ಸುತ್ತ ನೋಡಿದರು. ಹತ್ತಿರದಲ್ಲಿದ್ದವನು ನಾನು. "ಏನ್ಲಾ ನಿಂತ್ಕಂಡು ನೋಡ್ತೀಯ, ಅತ್ತು! ತೂಕಕ್ಕಾದ್ರೂ ಆಯ್ತೀಯ."

ಹೇಗೆ ಹತ್ತಿದೆನೋ ತಿಳಿಯದು. ಇನ್ನಿಬ್ಬರು ನನ್ನ ಹಿಂದೆ ಹತ್ತಿದರು. ಮದುಮಗ, ಅವನ ಅಣ್ಣತಮ್ಮಂದಿರು, ಕೊನೆಗೆ ಆ ಸೋದರಮಾವ ಕೂಡ, ಅಂಚಿಗೆ ಜೋತುಬಿದ್ದು ಹಿಡಿದರು. ಗಳು ತೆಗೆದ ಕ್ಷಣ ಇಡೀ ಚಕ್ರ ಒಮ್ಮೆ ನಡುಗಿದ್ದು ನನ್ನ ಬೆನ್ನುಮೂಳೆಗೆ ಗೊತ್ತಾಯಿತು. ಆಮೇಲೆ ಅದು ಮೆಲ್ಲಗೆ ತಿರುಗಿತು. ನಾವು ಏರಿದೆವು, ಅತ್ತೆ ಇಳಿದಳು. ಮಗಳನ್ನು ಮೊದಲು ದಾಟಿಸಿ, ತಾನು ಆಮೇಲೆ ಕಾಲಿಟ್ಟಳು. ಅದನ್ನು ನಾನು ಮೇಲಿನಿಂದ ನೋಡಿದೆ, ಕಣ್ಣು ಮುಚ್ಚಲು ಮರೆತು. ಮೈದಾನದಾಚೆ ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಕೆಂಪಗೆ ಮಲಗಿತ್ತು. ಬೀಗಿತ್ತಿ ನನ್ನ ಮುಂಗೈ ಹಿಡಿದ ಹಿಡಿತಕ್ಕೆ ಉಗುರು ನಾಟಿತ್ತು. ಅವರು ಅತ್ತಿತ್ತ ನೋಡಿ, "ಚಂದಾಗೇ ಕಾಣ್ತದೆ ಕಣಪ್ಪ," ಎಂದರು. "ನಿಮ್ಮತ್ತೆ ಬಡ್ಕಂಡಿದ್ದು ಸುಳ್ಳಲ್ಲ."

ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಒಬ್ಬ ಆಳಿನ ಭುಜದ ಕೀಲು ತಪ್ಪಿತ್ತು, ಮಾವ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನಾವು ಇಳಿದಾಗ ಅತ್ತೆ ಬೀಗಿತ್ತಿಯ ಎರಡೂ ಕೈ ಹಿಡಿದುಕೊಂಡಳು. "ಇನ್ಮ್ಯಾಕೆ ನಮ್ಮನೇ ನಲ್ಲಿಮೂಳೆ ಎಲ್ಲಾ ನಿಮ್ಮಣ್ಣನಿಗೇಯ," ಎಂದಳು. ಬೀಗಿತ್ತಿಗೆ ನಗು ಉಕ್ಕಿತು. ನಕ್ಕೂ ನಕ್ಕೂ ಟ್ರೇಲರಿನ ಚಕ್ರಕ್ಕೆ ಒರಗಿ ಕೂತರು, ಆಮೇಲೆ ಅತ್ತರು. ನಾನು ಮರೆಗೆ ಹೋಗಿ ವಾಂತಿ ಮಾಡಿಕೊಂಡೆ.

ಆ ದಿನದಿಂದ ಅವರಿಬ್ಬರ ನಡುವೆ ಬಹುವಚನ ಹೋಯಿತು. ಮುಂದಿನ ವರ್ಷ ಮದ್ದೂರಿಗೆ ಕುದುರೆಗಳು ಬಂದಾಗ ಇಬ್ಬರೂ ಜೊತೆಯಲ್ಲಿ ಹೋದರು. ಅತ್ತೆ ಮಂಡ್ಯದ ಚಕ್ರವನ್ನೂ ಬಿಡಲಿಲ್ಲ. ಹತ್ತುವ ಮುಂಚೆ ಎದುರು ತೊಟ್ಟಿಲಿನಲ್ಲಿ ಬೀಗಿತ್ತಿಯನ್ನು ಕೂರಿಸಿಯೇ ತಾನು ಕೂರುತ್ತಿದ್ದಳು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಊರ ಸುದ್ದಿಯೆಲ್ಲ ಕೂಗಾಡುತ್ತಿದ್ದರು. ಮಗಳು ಆ ಮನೆಯಲ್ಲಿ ಸುಖವಾಗಿ ಬಾಳಿದಳು. ಚಕ್ರದ ಹತ್ತಿರ ಮಾತ್ರ ಮತ್ತೆ ಸುಳಿಯಲಿಲ್ಲ. ನಾನೂ ಎಷ್ಟೋ ವರ್ಷ ಸುಳಿಯಲಿಲ್ಲ. ಗಳು ಮುರಿದಿದ್ದರೆ, ಬೀಗಿತ್ತಿ ಇನ್ನೊಂದು ಕಾಲನ್ನೂ ಹೊರಗಿಟ್ಟಿದ್ದರೆ... ಮನಸ್ಸು ಅಲ್ಲಿಗೆ ಹೋಗಿ, ಮುಂದೆ ಹೋಗಲಾರದೆ, ಹಿಂದಕ್ಕೆ ಬಂದು ಮತ್ತೆ ಶುರುಮಾಡುತ್ತದೆ.

ಅತ್ತೆ ಹೋದದ್ದು ಮನೆಯಲ್ಲೇ, ಸಣ್ಣ ಜ್ವರ ಬಂದು. ಬೀಗಿತ್ತಿ ಬಂದು ಅವಳ ಕಾಲ ಬಳಿ ಕೂತರು. ಪಾದ ಸವರುತ್ತ, ಯಾರಿಗೋ ಸುದ್ದಿ ಹೇಳುವಂತೆ ಮೆಲ್ಲಗೆ ಹೇಳಿದರು: "ನೀನ್ ಇಳ್ದು ಒಂಟೋದ್ಯಲ್ಲವ್ವಾ... ನನ್ನ ಮ್ಯಾಲೇ ಬುಟ್ಬುಟ್ಟೆ." ಅವರೂ ಹೋಗಿ ಈಗ ಬಹಳ ಕಾಲವಾಯಿತು.

ಬೇರೆ ದೇಶಗಳಲ್ಲಿ ಈಗ ನಾನು ಚಕ್ರ ಹತ್ತುತ್ತೇನೆ. ಹೆಂಡತಿ ಜೊತೆಗಿರುತ್ತಾಳೆ, ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ, ನೋಟ ಚೆನ್ನಾಗಿರುತ್ತದೆ, ಸಂತೋಷವೇ ಆಗುತ್ತದೆ. ಆದರೆ ತೊಟ್ಟಿಲು ಕೆಳಕ್ಕೆ ಬಂದು ಬಾಗಿಲು ತೆರೆದಾಗ ನನ್ನ ಕಾಲು ತಕ್ಷಣ ಹೊರಗೆ ಹೋಗುವುದಿಲ್ಲ. ಒಂದು ಕಾಲು ಒಳಗಿಟ್ಟುಕೊಂಡೇ ತಲೆ ಎತ್ತಿ ಮೇಲೆ ಯಾರಿದ್ದಾರೆ ಅಂತ ನೋಡುತ್ತೇನೆ. ಮುದುಕನಿಗೆ ತಲೆ ತಿರುಗಿತೆಂದುಕೊಂಡು ಅಲ್ಲಿನ ಕೆಲಸದವರು ಓಡಿ ಬಂದು ಕೈ ಹಿಡಿಯುತ್ತಾರೆ. ಮೇಲೆ ಕೂತವರಲ್ಲಿ ನನ್ನ ಗುರುತಿನವರು ಯಾರೂ ಇರುವುದಿಲ್ಲ. ಆಮೇಲೆ ಇಳಿಯುತ್ತೇನೆ.