ಸೊಂಟಮಟ್ಟದ ನೀರು

ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯವರು ನಿನ್ನೆ ಸಂಜೆ ಟೆರೇಸು ತೊಳೆಯುತ್ತಿದ್ದರು. ನಾನು ನಮ್ಮ ಟೆರೇಸಿನ ಮೇಲೆ, ನೋಯುವ ಮಂಡಿಯನ್ನು ಇನ್ನೊಂದು ಕುರ್ಚಿಗೆ ಚಾಚಿ ಕೂತಿದ್ದೆ. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ನಡೆಯುವುದಕ್ಕೆಂದು ಬೂಟು ಕೊಂಡಿದ್ದೇನೆ. ನನ್ನ ವ್ಯಾಯಾಮ ಅಲ್ಲಿಗೆ ಬಂದು ನಿಂತಿದೆ. ಆ ವಾಸನೆಗೆ ಕಣ್ಣು ತಾನಾಗಿ ಮುಚ್ಚಿತು. ನರಸತ್ತೆ ನೆನಪಾದಳು.

ನರಸತ್ತೆ ನನ್ನ ತಂದೆಯ ಅಕ್ಕ. ಕಲ್ಯಾಣದುರ್ಗದಿಂದ ಜೀಪಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿ ಅವಳದು. ಆ ಒಣ ಸೀಮೆಯಲ್ಲಿ ಈಜು ಬರುವ ಹೆಂಗಸೆಂದರೆ ಸುತ್ತಲ ಊರಿಗೆಲ್ಲ ಸೋಜಿಗ. ಚಿಕ್ಕಂದಿನಲ್ಲಿ ಅವಳೂ ಗೆಳತಿ ಖಾಸಿಂಬಿಯೂ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. ಆಮೇಲೆ ಮದುವೆ, ಮಕ್ಕಳು, ಕಳೆ, ಕೊಯ್ಲು. ಬಾವಿಯೂ ಬತ್ತಿತು. ನಾನೋ, ಬಕೆಟ್ಟಿನ ನೀರಿಗೂ ಹೆದರುವವಳು. "ನಮ್ಮ ವಂಸದಾಗೆ ನೀನೊಬ್ಬಳು ಕೋಳಿ ಹುಟ್ಬುಟ್ಟೆ ಕಣಮ್ಮ" ಎಂದು ಅತ್ತೆ ನಗುತ್ತಿದ್ದಳು.

ಅಂಥವಳಿಗೆ ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಮರಳಿತು, ಆದರೆ ಅವಳು ಆಡಲಿಲ್ಲ. ಹಿಸುಕಲು ಕೊಟ್ಟಿದ್ದ ಮೆತ್ತನೆ ಚೆಂಡನ್ನು ದಿಂಬಿನ ಕೆಳಗೆ ತುರುಕಿ, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಸೊಸೆ ತಟ್ಟೆ ಹಿಡಿದು ಕೂತರೆ ಎರಡು ತುತ್ತಿಗೇ ಸಾಕೆನ್ನುವಳು. ನಾನು ರಜೆ ಹಾಕಿ ಹೋದಾಗ ಒಂದೇ ಮಾತು ಹೇಳಿದಳು: "ಈ ಕಾಲು ನಂದಲ್ಲ ಕಣಮ್ಮ. ಯಾರದೋ ತಂದು ಅಂಟಿಸ್ಬುಟ್ಟವ್ರೆ."

ಖಾಸಿಂಬಿ ದಿನಾ ಮಧ್ಯಾಹ್ನ ಬಂದು ಮಂಚದ ಬಳಿ ಕೂರುತ್ತಿದ್ದಳು. ಸಮಾಧಾನ ಹೇಳುವುದು ಅವಳಿಗೆ ಬಾರದು. ಕೌದಿ ಹೊಲಿಯುತ್ತ ಇರುವಳು, ಎದ್ದು ಹೋಗುವಳು. ನಾನಿನ್ನೂ ಅಲ್ಲಿದ್ದಾಗಲೇ ಒಂದು ದಿನ ಸೂಜಿ ನಿಲ್ಲಿಸಿ ಅಂದಳು: "ನೆಲದ ಮ್ಯಾಲೆ ನಿಲ್ಲಕ್ಕಾಗಲ್ಲ ಅಂದ್ರೆ ಬುಡೇ. ನೀರಾಗೆ ನಿಲ್ಲಾನ ಬಾ."

ಅತ್ತೆ ಗೋಡೆಯಿಂದ ಮುಖ ಈಚೆ ತಿರುಗಿಸಿದಳು.

ಅತ್ತೆಯ ಮಗ ಊರೂರಿಗೆ ಜನರನ್ನು ಕೂರಿಸಿಕೊಂಡು ಹೋಗುವ ಶೇರ್ ಜೀಪು ಓಡಿಸುವವನು. ಅವಳಿಗೆ ವ್ಯಾಯಾಮ ಕಲಿಸಿದ್ದ ಕಲ್ಯಾಣದುರ್ಗದ ಆಸ್ಪತ್ರೆಯ ಹುಡುಗಿಯನ್ನು ಕೇಳಿಕೊಂಡು ಬಂದ. ನೀರು ಸೊಂಟ ದಾಟಬಾರದು, ಎರಡು ಪಕ್ಕವೂ ಜನ ಹಿಡಿದಿರಬೇಕು ಎಂದಳಂತೆ. ಮಾರನೆಯ ಬೆಳಿಗ್ಗೆ ಜೀಪು ಹೊಲದ ಬೋರಿನ ಪಕ್ಕ, ಸಿಮೆಂಟು ತೊಟ್ಟಿಯ ಬಳಿ ನಿಂತಿತು. ಕಡಲೆಕಾಯಿ ಹೊಲ ಹಳದಿ ಹೂ ಬಿಟ್ಟಿತ್ತು. ತೊಟ್ಟಿಯೊಳಗೆ ಆಕಾಶ ಮೆಲ್ಲಗೆ ಅಲುಗುತ್ತಿತ್ತು. ಎರಡು ಪಕ್ಕ ಎಂದರೆ ಎರಡನೆಯ ಪಕ್ಕ ನಾನೇ ಎಂಬುದು ಆಗ ಹೊಳೆಯಿತು.

ಮಗ ಅವಳನ್ನೆತ್ತಿ ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿ, ಹೆಂಗಸರಿಗೆ ಸಂಕೋಚವಾದೀತೆಂದು ಜೀಪಿನಾಚೆ ಹೋದ. ಖಾಸಿಂಬಿ ಸೀರೆಯಲ್ಲೇ ಇಳಿದು ಕೈ ಚಾಚಿ, ತೆಲುಗು ಬೆರೆಸಿ ಕರೆದಳು. "ದಿಗವೇ ನರಸಾ, ಇಳಿ. ನಾನಿಲ್ವಾ?"

ನಾನೂ ದೇವರನ್ನು ನೆನೆದು ಇಳಿದೆ. ಬೋರಿನ ನೀರು ಬೆಚ್ಚಗಿತ್ತು. ಅತ್ತೆಯ ಎಡತೋಳು ನನ್ನ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಭಾರವಾಗಿತ್ತು. ಒಂದು ಹೆಜ್ಜೆ, ಇನ್ನೊಂದು. ನೀರು ಅವಳ ಭಾರವನ್ನು ಚೂರುಚೂರೇ ನಮ್ಮಿಂದ ಇಸಿದುಕೊಂಡಿತು. ಮೂವರೂ ಕನಸಿನಲ್ಲಿ ನಡೆಯುವವರ ಹಾಗೆ ನಡೆದೆವು. ಆಗ ಪಾಚಿಯ ಮೇಲೆ ನನ್ನ ಕಾಲು ಜಾರಿತು.

ಸೊಂಟಮಟ್ಟದ ನೀರಿನಲ್ಲಿ ಮುಳುಗುವುದಕ್ಕೂ ಪ್ರತಿಭೆ ಬೇಕು, ನಾನು ಮುಳುಗಿದೆ. ಕಿವಿಯಲ್ಲಿ ಗುಂಯ್ ಎಂಬ ಹಸಿರು ಮೌನ. ಯಾರೋ ಜಡೆ ಹಿಡಿದು ಎಳೆದರು. ಕಣ್ಣು ಬಿಟ್ಟರೆ ಅತ್ತೆ. ಖಾಸಿಂಬಿಯ ಹಿಡಿತ ಬಿಡಿಸಿಕೊಂಡು, ಬಲಗೈಯಲ್ಲಿ ನನ್ನ ಜಡೆ ಹಿಡಿದು, ಯಾರ ಆಸರೆಯೂ ಇಲ್ಲದೆ ನಿಂತಿದ್ದಳು.

"ನಿಂತ್ಕಳೇ! ಕಾಲಿಲ್ವಾ ನಿಂಗೆ?" ಎಂದು ಗದರಿದಳು.

"ನಿಂಗೈತಲ್ಲೇ ನರಸಾ," ಖಾಸಿಂಬಿ ಮೆಲ್ಲಗೆ ಅಂದಳು.

ಅತ್ತೆ ನೀರಿನೊಳಗೆ ಬಳುಕುತ್ತಿದ್ದ ತನ್ನ ಕಾಲುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಷ್ಟು ಜೋರಾಗಿ ನಕ್ಕಳೆಂದರೆ, ಏನೋ ಅನಾಹುತವಾಯಿತೆಂದು ಮಗ ಜೀಪಿನಾಚೆಯಿಂದ ಓಡಿ ಬಂದ.

ಪವಾಡವೇನೂ ಆಗಲಿಲ್ಲ. ನೆಲಕ್ಕೆ ಬಂದೊಡನೆ ಆ ಕಾಲು ಮತ್ತೆ ಮೊಂಡು ಹಿಡಿಯಿತು. ಆದರೆ ಅವತ್ತು ಮನೆಗೆ ಬಂದು ಅವಳೇ ಮುದ್ದೆ ಕೇಳಿ ಉಂಡಳು. ನನ್ನ ರಜೆ ಮುಗಿಯುವವರೆಗೆ ದಿನಾ ನೀರಿಗಿಳಿದೆವು; ಆಮೇಲೆ ನನ್ನ ಜಾಗಕ್ಕೆ ಸೊಸೆ ಬಂದಳು. ದಸರೆಯ ಹೊತ್ತಿಗೆ, ಅತ್ತೆ ಕೋಲೂರಿಕೊಂಡು ಖಾಸಿಂಬಿಯ ಮನೆ ತನಕ ಹೋಗಿಬಂದಳೆಂದು ಫೋನು ಬಂತು. ಕೈ ಮಾತ್ರ ಇವತ್ತಿಗೂ ಪೂರ್ತಿ ಬಂದಿಲ್ಲ.

ನಿನ್ನೆ ಟೆರೇಸಿನಿಂದಲೇ ಅವಳಿಗೆ ಫೋನು ಮಾಡಿದೆ. ಮಂಡಿಯ ಪುರಾಣ ತೆಗೆಯುವಷ್ಟರಲ್ಲೇ ತಡೆದಳು.

"ಆಮ್ಯಾಕೆ ಹೇಳಮ್ಮ. ಖಾಸಿಂಬಿ ಬಂದವ್ಳೆ, ನಡಿಯಕ್ಕೆ ಹೋಯ್ತೀನಿ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳೆಂದು ಕಾಣುತ್ತದೆ, ಆರಿಸುವುದನ್ನು ಮರೆತಳು. ಕೋಲಿನ ಟಕ್ ಎಂಬ ಸದ್ದು, ಎಳೆದಿಟ್ಟ ಹೆಜ್ಜೆ, ಪಕ್ಕದಲ್ಲೇ ಖಾಸಿಂಬಿಯ ಚಪ್ಪಲಿ. ನಡುವೆ ಯಾರಿಗೋ ಬೈದ ಒಂದು ತೆಲುಗು ಬೈಗುಳ, ಇಬ್ಬರ ನಗು. ಇಡಬೇಕೆಂದುಕೊಂಡೆ, ಮನಸ್ಸಾಗಲಿಲ್ಲ. ಎಷ್ಟು ಹೊತ್ತಾಯಿತೋ, ಅರಿವು ಬಂದು ನೋಡಿಕೊಂಡರೆ ನಾನು ಕುರ್ಚಿಯಲ್ಲಿರಲಿಲ್ಲ. ಫೋನು ಕಿವಿಗಿಟ್ಟು, ಟೆರೇಸಿನ ಈ ತುದಿಯಿಂದ ಆ ತುದಿಗೆ, ಅವರಿಬ್ಬರ ಹೆಜ್ಜೆಗೆ ಸರಿಯಾಗಿ ನಡೆಯುತ್ತಿದ್ದೆ.