ಇಲ್ಲದ ಲಾಳಿಗೆ ನಮಸ್ಕಾರ

ಲಾಳಿ ನನ್ನ ಬೂಟುಗಾಲಿನಡಿ ಸಿಕ್ಕಿತು. ತಟ್ಟನೆ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದೆ. ಹಣೆ ಮೇಜಿನ ಅಂಚಿಗೆ ಬಡಿಯಿತು. ಲಾಳಿ ಸುಳ್ಳು, ಮೇಜು ನಿಜ.

ಜಮಖಂಡಿಯ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಕಣ್ಣಿಗೆ ಇಲ್ಲದ್ದನ್ನೂ ಎದುರಿಗಿದ್ದಂತೆ ತೋರಿಸುವ ವಿಆರ್ ಕನ್ನಡಕ, ಕೈಗೆ ವೈರುಗಳ ಕೈಗವಸು ಹಾಕಿಕೊಂಡು, ಇನ್ನೂ ತಯಾರಾಗದ ಮಗ್ಗವೊಂದನ್ನು ಗಾಳಿಯಲ್ಲೇ ಜೋಡಿಸಿ ತೋರಿಸುತ್ತಿದ್ದೆ. ಬೋಲ್ಟ್ ಬಿಗಿಯುವಾಗ ಕೈಗೆ ಏನಾದರೂ ಅಡ್ಡ ಬಂದರೆ ಕೈಗವಸು ಅದುರಿ ತಿಳಿಸುತ್ತದೆ. ಹೀಗಾಗಿ ಮಗ್ಗ ತಯಾರಿಸುವ ಮೊದಲೇ ತಪ್ಪು ತಿದ್ದಬಹುದು. ಬನಹಟ್ಟಿಯ ಕೆಲವು ಮಗ್ಗದ ಮಾಲೀಕರು ಬಂದು ಕೂತು, ನನಗೆ ಕಾಣುವುದನ್ನೇ ಗೋಡೆಯ ಪರದೆಯ ಮೇಲೆ ನೋಡುತ್ತಿದ್ದರು. ಅವರು ಒಪ್ಪಿದರೆ ಮಾತ್ರ ನನ್ನ ವಿನ್ಯಾಸಕ್ಕೆ ಮುಂದಿನ ದಾರಿ. “ಇಲ್ಲಿ ಏನೂ ಇಲ್ರಿ, ಬರೇ ಚಿತ್ರ. ಅಂಜಬ್ಯಾಡ್ರಿ” ಎಂದು ಅವರಿಗೆ ಧೈರ್ಯ ಹೇಳಿದ್ದವನೂ ನಾನೇ. ಅಷ್ಟರಲ್ಲಿ ಆ ಚಿತ್ರದ ಮಗ್ಗದಲ್ಲಿ ನೂಲು ಹೊತ್ತು ಓಡಾಡಬೇಕಾದ ಲಾಳಿ ಕೈಜಾರಿ ಬಿತ್ತು. ಹೆಜ್ಜೆ ಸರಿಸಿದರೆ ಕಾಲಡಿಯಲ್ಲೇ ಇತ್ತು. ನೇಕಾರರ ಮನೆಯಲ್ಲಿ ಹುಟ್ಟಿದವನ ಬೆನ್ನು ನನ್ನನ್ನು ಕೇಳದೆ ಬಗ್ಗಿತು.

ಕನ್ನಡಕ ತೆಗೆದು ಹಣೆ ಉಜ್ಜಿಕೊಳ್ಳುತ್ತ ನಿಂತೆ. ಮುಂದೆ ಕೂತಿದ್ದ ಹಿರಿಯ ಮಾಲೀಕರು ಗಂಭೀರವಾಗಿ ಕೇಳಿದರು: “ಸರ, ಹಣಿಗೆ ಬಡದದ್ದೂ ಚಿತ್ರ ಏನ್ರಿ?”

ವಿನ್ಯಾಸವನ್ನೇನೋ ಒಪ್ಪಿದರು. ಮಾಡಿದವನೇ ಅಷ್ಟು ನಂಬಿ ನಮಸ್ಕರಿಸಿದ ಮೇಲೆ ಅವರಿಗೇಕೆ ಅನುಮಾನ? ಹಣೆಯ ಬಾವು ಬೇಗ ಇಳಿಯಿತು. ಆದರೆ ಈಗಲೂ ಆ ಕನ್ನಡಕ ಹಾಕುವ ಮೊದಲು ಬೂಟು ಕಳಚಿ ಬಾಗಿಲಲ್ಲಿಡುತ್ತೇನೆ. ವಿದ್ಯಾರ್ಥಿಗಳು ಕಾರಣ ಕೇಳಿದರೆ, ಈ ನೆಲದ ಮೇಲೆ ಬೂಟು ಜಾರುತ್ತದೆ ಎನ್ನುತ್ತೇನೆ.