ಜೋಳದ ದಂಟಿನ ಪೂಲು

ಜೋಳದ ದಂಟಿನಿಂದ ಆಟದ ಸೇತುವೆ ಕಟ್ಟಿದ್ದಕ್ಕೆ ಪೊಲೀಸ್ ಠಾಣೆಯ ಹವಾಲಾತಿಗೆ ಹೋದವರನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ನಮ್ಮ ಸಿಂಧನೂರಿನ ಕಡೆ ಬನ್ನಿ. ಮೂವರಿದ್ದಾರೆ. ಅವರಲ್ಲಿ ಒಬ್ಬ ನನ್ನ ಸ್ವಂತ ಅಕ್ಕನ ಮಗ.

(ಈ ಪತ್ರಿಕೆ ನಿಜಾಮರ ಸೀಮೆಯ ಹೊರಗೆ, ತುಂಗಭದ್ರೆಯ ಆಚೆ ದಂಡೆಯಲ್ಲಿ ಅಚ್ಚಾಗುತ್ತದೆ. ಅದಕ್ಕೇ ಇಷ್ಟು ಧೈರ್ಯ. ಈಚೆ ದಂಡೆಯಲ್ಲಿ ನನ್ನ ಹೆಸರು ಮಾತ್ರ ಯಾರೂ ಕೇಳಬೇಡಿ.)

ಹುಡುಗನ ಹೆಸರು ಶರಣಬಸವ, ಊರು ಮಸ್ಕಿ. ದೂರದ ಶಹರದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹೋದ ವರ್ಷ ಒಂದು ಪೇಪರಿನಲ್ಲಿ ನಪಾಸಾದ. ಯಾಕೆ ಗೊತ್ತೇ? ಪ್ರೊಫೆಸರ್ ಸಾಹೇಬರು ಬರೆಸಿದ ನೋಟ್ಸಿನಲ್ಲಿ ಸೇತುವೆಯ ಚಿತ್ರ ಒಂದು ರೀತಿ ಇತ್ತು. ಪ್ರಶ್ನೆಪತ್ರಿಕೆಯಲ್ಲಿ ಅದನ್ನೇ ತಲೆಕೆಳಗು ಮಾಡಿ ಕೊಟ್ಟಿದ್ದರು. ನೋಟ್ಸು ಪೂರಾ ಬಾಯಿಪಾಠವಾಗಿತ್ತು, ಆದರೆ ಸೇತುವೆ ತಲೆಗೆ ಹೋಗಿರಲಿಲ್ಲ. ಈ ಸಲವೂ ನಪಾಸಾದರೆ ಹೆಸರು ಹೊಡೆದು ಮನೆಗೆ ಕಳಿಸುತ್ತಾರೆ.

ಆ ಕ್ಲಾಸು ಹೇಗಿರುತ್ತದಪ್ಪಾ ಎಂದು ಕೇಳಿದೆ. ಸಾಹೇಬರು ಬರುತ್ತಾರಂತೆ. ಹಳೇ ವಹಿ ತೆಗೆದು ಓದುತ್ತಾರಂತೆ. ಇವರು ಬರೆದುಕೊಳ್ಳುತ್ತಾರಂತೆ. ಯಾರಾದರೂ ಕೈಯೆತ್ತಿ ಯಾಕೆ ಎಂದರೆ, ವಹಿಯಲ್ಲಿ ಇದೆಯಲ್ಲ, ಬಾಯಿ ಮುಚ್ಚಿ ಬರೆದುಕೋ ಅನ್ನುತ್ತಾರಂತೆ. ಇದಕ್ಕೆ ಕಾಲೇಜು ಯಾಕೆ ಬೇಕು? ಮನೆಯಲ್ಲಿ ಗಿಳಿ ಸಾಕಿದರೆ ಸಾಲದೇ?

ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಶರಣಬಸವ ಓದಲು ನನ್ನ ಮನೆಗೆ ಬಂದ. ಜೊತೆಗೆ ಅವನ ಕ್ಲಾಸಿನವರೇ ಇಬ್ಬರು, ಲಿಂಗಸುಗೂರಿನವನೊಬ್ಬ, ಮುಕ್ಕುಂದದವನೊಬ್ಬ. ಮೂವರೂ ಸೇರಿ ತಮ್ಮದೇ ಒಂದು ಕಾಯ್ದೆ ಮಾಡಿಕೊಂಡರು. ಒಬ್ಬೊಬ್ಬರು ಒಂದೊಂದು ಪಾಠ ಓದಿ ಉಳಿದಿಬ್ಬರಿಗೆ ಹೇಳಿಕೊಡಬೇಕು. ಕೇಳುವವರು ಸುಮ್ಮನೆ ಕೂಡುವ ಹಾಗಿಲ್ಲ, ಅಡ್ಡ ಪ್ರಶ್ನೆ ಹಾಕಬೇಕು. "ಪುಸ್ತಕದಾಗ ಹಂಗ ಐತಿ" ಎಂದವನು ಎಲ್ಲರಿಗೂ ಚಹಾ ಕಾಸಬೇಕು. (ಮೊದಲ ದಿನವೇ ನನ್ನ ಮನೆಯ ಹಾಲು ಖಾಲಿ.)

ಆಮೇಲೆ ಅಂಗಳಕ್ಕೆ ಇಳಿದರು. ನಮ್ಮ ಕಡೆ ಮಕ್ಕಳು ಜೋಳದ ದಂಟಿಗೆ ಜಾಲಿಮುಳ್ಳು ಚುಚ್ಚಿ ಆಟದ ಬಂಡಿ ಮಾಡುತ್ತಾರಲ್ಲ, ಹಾಗೆಯೇ ಇವರು ಪೂಲು ಕಟ್ಟಿದರು. ಸೇತುವೆಗೆ ನಾವು ಪೂಲು ಅಂತಲೇ ಅನ್ನುವುದು. ಎರಡು ಕಲ್ಲಿನ ಮೇಲೆ ಅದನ್ನಿಟ್ಟು, ನಡುವೆ ತಂಬಿಗೆ ತೂಗುಹಾಕಿ, ನೀರು ಹುಯ್ಯುತ್ತ ಹೋದರು. ಯಾವ ದಂಟು ಮೊದಲು ಮುರಿಯುತ್ತದೆ ಎಂದು ಮುಂಚೆಯೇ ಇದ್ದಿಲಿನಿಂದ ಗುರುತು ಹಾಕಬೇಕು. ಜಗಳವೋ ಜಗಳ. ಮುರಿದ ಮೇಲೆ ಯಾಕೆ ಮುರಿಯಿತು ಎಂದು ಮತ್ತೆ ಜಗಳ. ತಲೆಕೆಳಗು ಮಾಡಿ ಕಟ್ಟಿದರು, ಓರೆ ಮಾಡಿ ಕಟ್ಟಿದರು. ಕೆಲವೇ ದಿನಗಳಲ್ಲಿ ನನ್ನಂಥ ಕನ್ನಡ ಶಾಲೆಯ ಮಾಸ್ತರನಿಗೂ ಯಾವ ದಂಟಿಗೆ ಜಗ್ಗುವ ಭಾರ, ಯಾವುದಕ್ಕೆ ಒತ್ತುವ ಭಾರ ಎಂದು ತಿಳಿಯತೊಡಗಿತು. ಶರಣಬಸವ ಊಟಕ್ಕೆ ಕೂತಾಗಲೂ ಅದೇ ಮಾತಾಡುತ್ತಿದ್ದ, ನಗುತ್ತಿದ್ದ. ಈ ಸಲ ಪಾಸು ಎಂದು ಅಕ್ಕನಿಗೆ ಹೇಳಿ ಕಳಿಸಿಯೂ ಬಿಟ್ಟೆ.

ಗೋಡೆಗೆ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಓಣಿಯ ಗೋಡೆಗಳಿಗೆ ಬಾಯಿಯೂ ಇದೆ. ಯಾವುದನ್ನು ತೆಗೆದರೆ ಪೂಲು ಬೀಳುತ್ತದೆ ಎಂದು ಮೂವರು ಪ್ರಾಯದ ಹುಡುಗರು ದಿನವೂ ವಾದ ಮಾಡುವುದು ಯಾರಿಗೋ ಕೇಳಿಸಿತು. ಸುದ್ದಿ ಠಾಣೆಗೆ ಹೋಯಿತು. ಒಂದು ಮಧ್ಯಾಹ್ನ ನೋಡಿದರೆ ಪೊಲೀಸ್ ಅಮೀನ್ ಸಾಹೇಬರು ಜವಾನರೊಂದಿಗೆ ಅಂಗಳದಲ್ಲಿ ನಿಂತಿದ್ದಾರೆ. ಇಜಾಜತ್ ಇಲ್ಲದೆ ಜಲ್ಸಾ, ಅಂದರೆ ಸಭೆ, ಸೇರಿಸಿದ್ದು ಒಂದು ಗುನ್ಹೆ. ಸರ್ಕಾರದ ಪೂಲು ಬೀಳಿಸುವ ಮಸಲತ್ತು ಇನ್ನೊಂದು. (ನಿಜಾಮರ ಸೀಮೆಯಲ್ಲಿ ನಾಲ್ಕು ಜನ ಕೂತು ಮಾತಾಡಲು ಪರವಾನಗಿ ಬೇಕು. ಮದುವೆ ಮುಂಜಿ ಹೇಗೋ ಬಿಟ್ಟಿದ್ದಾರೆ.)

ಶರಣಬಸವ ಹೆದರಲಿಲ್ಲ. ನೀರಿನ ಚೆಂಬು ತೆಗೆದು ಅಮೀನರ ಕೈಗೇ ಕೊಟ್ಟ.

"ನೀವ ಹೇಳ್ರಿ ಸಾಹೇಬ್ರ, ಇದರಾಗ ಯಾವುದು ಮೊದಲ ಮುರೀತೈತಿ?"

ಅಮೀನರು ಒಂದು ದಂಟು ತೋರಿಸಿ ನೀರು ಹುಯ್ದರು. ಮುರಿದದ್ದು ಬೇರೆಯದು. ಅವರು ಟೋಪಿ ತೆಗೆದಿಟ್ಟು ಕುಕ್ಕರಗಾಲಲ್ಲಿ ಕೂತರು. ಯಾಕೆಂದು ಕೇಳಿದರು. ಹುಡುಗರು ಹೇಳಿದರು. ಅಮೀನರು ಇನ್ನೊಂದು ಕಟ್ಟಿಸಿದರು. ಈ ಸಲ ಅವರು ತೋರಿಸಿದ ದಂಟೇ ಮುರಿಯಿತು. ದೇವರಾಣೆ, ಅಮೀನರು ನಕ್ಕರು. ಆಮೇಲೆ ಮೂವರನ್ನೂ ಹಿಡಿದುಕೊಂಡು ಹೋದರು.

ನಾನು ಹಿಂದೆಯೇ ಓಡಿದೆ. ಅವರು ನನ್ನನ್ನು ಗದರಿಸಲಿಲ್ಲ.

"ನನಗ ಸಮಜ್ ಆತ್ರಿ ಮಾಸ್ತರ. ಮ್ಯಾಲಿನವರಿಗೆ ಕಾಗದ ಬೇಕು. ಇದು ನಮ್ಮ ಕಾಲೇಜಿನ ಪಾಠನ ಅಂತ ಪ್ರೊಫೆಸರ್ ಸಾಹೇಬ್ರ ಕಡಿಂದ ಒಂದು ತಾರ್ ತರಸ್ರಿ. ಈಗಿಂದೀಗ ಬಿಡತೀನಿ."

ಇಷ್ಟೇ ತಾನೆ! ಕೂಡಲೇ ಅಂಚೆ ಕಚೇರಿಗೆ ಓಡಿ ಪ್ರೊಫೆಸರಿಗೆ ತಾರು ಕೊಟ್ಟೆ. ನಿಮ್ಮ ಹುಡುಗರು ಕೂಡಿ ಓದುತ್ತಿದ್ದರು, ಮಾದರಿ ಕಟ್ಟಿ ಕಲಿಯುತ್ತಿದ್ದರು, ಪರೀಕ್ಷೆ ಹತ್ತಿರ ಬಂದಿದೆ, ಒಂದು ಮಾತು ಬರೆಯಿರಿ ಎಂದು ಬೇಡಿಕೊಂಡೆ. ಉತ್ತರ ಬಂತು. ನಮ್ಮ ಕಾಲೇಜಿನಲ್ಲಿ ಇಂಥ ಪದ್ಧತಿ ಇಲ್ಲ, ಪಾಠ ಹೇಳುವವರು ಪ್ರೊಫೆಸರು, ಕೇಳುವವರು ವಿದ್ಯಾರ್ಥಿಗಳು.

ಸುಳ್ಳು ಬರೆದಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಆ ಮಹಾರಾಯ ಬರೆದದ್ದು ಅಕ್ಷರ ಅಕ್ಷರವೂ ನಿಜ. ಅದನ್ನೇ ಹೆಮ್ಮೆಯಿಂದ ಬರೆದಿದ್ದ. ಅದನ್ನು ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ಅಮೀನರ ಮೇಲೆ ಸಿಟ್ಟಿಲ್ಲವೇ? ಇದೆ. ತಿಳಿದೂ ಕೂಡಿಹಾಕಿದರಲ್ಲ. ಆದರೂ ಅವರು ಒಮ್ಮೆ ನೆಲಕ್ಕೆ ಕೂತು ಯಾಕೆ ಎಂದು ಕೇಳಿದರು. ಪಾಠ ಹೇಳಲೆಂದೇ ಪಗಾರ ತಿನ್ನುವವನು ಹುಡುಗರ ನಡುವೆ ಒಂದು ದಿನ ಕೂರಲಾರನೇ? ನಾಲ್ಕು ದಂಟು ಮುರಿದರೆ ಅವನ ಗಂಟೇನು ಹೋಗುತ್ತಿತ್ತು? ಹುಡುಗರು ತಮ್ಮತಮ್ಮಲ್ಲೇ ಕಲಿತುಬಿಟ್ಟರೆ ತನ್ನ ವಹಿಯನ್ನು ಕೇಳುವವರಿಲ್ಲ ಎಂಬ ಭಯವೇ? ಜನ ಕೂತು ಮಾತಾಡಿದರೆ ಸರ್ಕಾರಕ್ಕೆ ಭಯ. ಹುಡುಗರು ಕೂತು ಮಾತಾಡಿದರೆ ಪ್ರೊಫೆಸರಿಗೆ ಭಯ. ಇಬ್ಬರದೂ ಒಂದೇ ರೋಗ.

ಪರೀಕ್ಷೆ ಮುಗಿದ ಮೇಲೆ ಬಿಟ್ಟರು. ಇನ್ನು ಮುಂದೆ ಗುಂಪು ಕೂಡುವುದಿಲ್ಲ ಎಂದು ಮೂವರಿಂದಲೂ ಬರೆಸಿಕೊಂಡರು. ಮುಕ್ಕುಂದದವನು ಓದೇ ಬಿಟ್ಟ. ಲಿಂಗಸುಗೂರಿನವನ ಅಪ್ಪ, ಆ ಮಾಸ್ತರನ ಓಣಿಗೆ ಕಾಲಿಡಬೇಡ ಎಂದಿದ್ದಾರಂತೆ. ಶರಣಬಸವನಿಗಾಗಿ ನಾನು ಶಹರಕ್ಕೆ ಹೋಗಿ ಕಾಲೇಜಿನವರ ಕೈಕಾಲು ಹಿಡಿದೆ. ಕೊನೆಯದೊಂದು ಅವಕಾಶ ಕೊಟ್ಟಿದ್ದಾರೆ.

ನಿನ್ನೆ ಮಸ್ಕಿಗೆ ಹೋಗಿದ್ದೆ. ಬಾಗಿಲು ಹಾಕಿಕೊಂಡು ಒಬ್ಬನೇ ಕೂತು, ಕಣ್ಣು ಮುಚ್ಚಿ, ನೋಟ್ಸು ಒಪ್ಪಿಸುತ್ತಿದ್ದ. ಬಾರೋ, ನಾನೇ ಅಡ್ಡ ಪ್ರಶ್ನೆ ಹಾಕುತ್ತೇನೆ ಎಂದು ಕರೆದೆ. ಅವನು ಕಣ್ಣು ತೆರೆಯಲಿಲ್ಲ.

"ಬ್ಯಾಡ ಮಾಮಾ. ಕೂಡಿ ಕೂತ್ರ ಕೇಸ್ ಆಕೈತಿ. ಹಿಂಗ ಓದಿದ್ರ ಪಾಸ್ ಆಕ್ಕೀನಿ."

ಆಗುತ್ತಾನೆ, ಅನುಮಾನವಿಲ್ಲ. ಪಾಸಾದವನಿಗೆ ಸರ್ಕಾರ ನೌಕರಿ ಕೊಡುತ್ತದೆ. ನಾಳೆ ನಮ್ಮ ಹಳ್ಳಕ್ಕೆ ಅವನೇ ಪೂಲು ಕಟ್ಟುತ್ತಾನೆ.

ಪ್ರೊಫೆಸರ್ ಸಾಹೇಬರೇ, ಅದರ ಮೇಲೆ ಮೊದಲ ಬಂಡಿ ನೀವು ಹೊಡೆಯುತ್ತೀರಾ?